ಕಲ್ಲುಹೂವಿನ ನಾಲ್ವರು ಲೇಖಕರು

ಕೆಲವು ವರ್ಷಗಳ ಹಿಂದಿನ ಮಾತು. ಸಸ್ಯವಿಜ್ಞಾನದ ಒಂದು ತ್ರೈಮಾಸಿಕ ಸಂಶೋಧನಾ ಪತ್ರಿಕೆಯಲ್ಲಿ ನಾನು ರೆಫರೆನ್ಸ್ ಎಡಿಟರ್ ಆಗಿದ್ದೆ. ಕಚೇರಿ ಶಂಕರಪುರಂನಲ್ಲಿ, ಹಳೆಯ ಮನೆಯೊಂದರ ಮಹಡಿಯ ಕೋಣೆ. ಒಂದು ಕಾಲಕ್ಕೆ ಅಲ್ಲಿ ಮೇಜಿಗೆ ಮೇಜು ತಾಗಿಸಿಕೊಂಡು ಕೂರುತ್ತಿದ್ದೆವು. ಕೆಲಸವೆಲ್ಲ ಆನ್‌ಲೈನ್ ಆದಮೇಲೆ ಒಬ್ಬೊಬ್ಬರೇ ಬಿಟ್ಟು ಹೋದರು, ನಾನೊಬ್ಬ ಉಳಿದೆ. ಸಂಪಾದಕರು ಬೇರೆ ಊರಿನವರು. ಅವರ ಇಮೇಲ್ ಬರುತ್ತಿತ್ತೇ ಹೊರತು ಮುಖ ನೋಡಿದವನಲ್ಲ. ಮಧ್ಯಾಹ್ನ ಕೆಳಗಿಳಿದು ‘ಸ್ಟ್ರಾಂಗ್ ಕಾಫಿ, ಸಕ್ಕರೆ ಕಮ್ಮಿ’ ಎನ್ನುವುದೇ ಎಷ್ಟೋ ದಿನ ನನ್ನ ಮೊದಲ ಮಾತಾಗಿರುತ್ತಿತ್ತು. ಗಂಟಲು ಸರಿಮಾಡಿಕೊಂಡು ಹೇಳಬೇಕಾಗುತ್ತಿತ್ತು.

ನನ್ನ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಸಂಶೋಧಕರು ತಮ್ಮ ಲೇಖನದಲ್ಲಿ ಬೇರೆಯವರ ಸಂಶೋಧನೆಯನ್ನು ಬಳಸಿಕೊಂಡಾಗಲೆಲ್ಲ ಆ ಲೇಖಕರ ಹೆಸರು, ವರ್ಷ ಕೊಡಬೇಕು, ಇದು ಸೈಟೇಶನ್. ಕೊನೆಯಲ್ಲಿ ಅವೆಲ್ಲದರ ಪೂರ್ಣ ವಿವರ ಅಕಾರಾದಿಯಾಗಿ ಬರಬೇಕು; ಇದು ರೆಫರೆನ್ಸ್ ಪಟ್ಟಿ. ನಮ್ಮ ಪತ್ರಿಕೆಯ ನಿಯಮದಂತೆ ಮೊದಲು ಸರ್‌ನೇಮ್, ಆಮೇಲೆ ಇನಿಷಿಯಲ್. ಪ್ರತಿಯೊಂದು ಮೂಲ ಲೇಖನವನ್ನೂ ತೆರೆದು ಹೆಸರು, ವರ್ಷ, ಪುಟ ತಾಳೆ ನೋಡಿ, ಕಾಮಾ, ಚುಕ್ಕಿಗಳನ್ನು ಸರಿಮಾಡುವುದು ನನ್ನ ಪಾಲಿನದು. ಸರ್‌ನೇಮೇ ಇಲ್ಲದ ನಮ್ಮ ಕಡೆಯ ಹೆಸರುಗಳು ಬಂದಾಗ ಮಾತ್ರ ತಲೆ ಕೆಡುತ್ತಿತ್ತು.

ಆ ಸಲ ಬಂದ ಹಸ್ತಪ್ರತಿ ಹರೀಶ್ ಎಂಬ ಯುವ ಅಸಿಸ್ಟೆಂಟ್ ಪ್ರೊಫೆಸರರದು. ವಿಷಯ, ಬೆಂಗಳೂರಿನ ಹಳೆಯ ಬಡಾವಣೆಗಳ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು. ಮಸಾಲೆಗೆ ಹಾಕುತ್ತಾರಲ್ಲ, ಅದರದೇ ಕುಲ, ಇಂಗ್ಲಿಷಿನಲ್ಲಿ ಲೈಕೆನ್. ಗಾಳಿ ಕೆಟ್ಟಲ್ಲಿ ಇದರ ಎಷ್ಟೋ ಜಾತಿಗಳು ಬದುಕುವುದಿಲ್ಲ. ‘ವಾಹನಗಳು ಹೆಚ್ಚಿದಂತೆ ಈ ಮರಗಳ ಮೇಲೆ ಕಲ್ಲುಹೂವು ಅಳಿಯಿತೆಂದು ನಾಲ್ವರು ಸಂಶೋಧಕರು ಪ್ರತ್ಯೇಕವಾಗಿ ತೋರಿಸಿದ್ದಾರೆ’ ಎಂದು ಹರೀಶ್ ಬರೆದಿದ್ದರು. ಅವರ ವಾದವೆಲ್ಲ ನಿಂತಿದ್ದು ಈ ವಾಕ್ಯದ ಮೇಲೆ. ಆ ನಾಲ್ವರು: ಮೂರ್ತಿ ಎಸ್., ನಂಜುಂಡಯ್ಯ ಎಸ್., ಸುಲೋಚನ ಟಿ. ಎನ್., ತುರುವೇಕೆರೆ ಎಸ್. ಎನ್.

ನಾಲ್ಕು ಮೂಲ ಲೇಖನಗಳನ್ನೂ ತೆರೆದೆ. ಎರಡರಲ್ಲಿ ಒಂದೇ ಕಾಲೇಜಿನ ವಿಳಾಸವಿತ್ತು. ನಾಲ್ಕರಲ್ಲೂ ಮಾವಳ್ಳಿ ಕಡೆಯಿಂದ ಎಣಿಸಿಕೊಂಡು ಹೊರಟ ಅದೇ ಮರಗಳ ಸಾಲು. ಹೆಸರುಗಳನ್ನು ಮತ್ತೆ ನೋಡಿದೆ. ತುರುವೇಕೆರೆ ನಂಜುಂಡಯ್ಯ ಸುಲೋಚನ. ಊರು, ಅಪ್ಪ, ಮಗಳು. ಮೂರ್ತಿ ಗಂಡನ ಹೆಸರಿರಬಹುದು. ಇವರು ನಾಲ್ವರಲ್ಲ, ಒಬ್ಬರೇ ಎನ್ನಿಸಿತು. ಆದರೆ ಊಹೆಯ ಮೇಲೆ ಹೆಸರು ತಿದ್ದುವಂತಿಲ್ಲ. ಆ ಕಾಲೇಜಿಗೆ ಫೋನ್ ಮಾಡಿದೆ. ಸುಲೋಚನ ನಿವೃತ್ತರಾಗಿದ್ದಾರೆ ಎಂದು ತಿಳಿಸಿ, ಅವರ ಒಪ್ಪಿಗೆ ಕೇಳಿ ಅವರ ನಂಬರು ಕೊಟ್ಟರು.

“ಮೇಡಂ, ನಂಜುಂಡಯ್ಯ ಎಸ್. ಅಂದ್ರೆ ಯಾರು ಅಂತ ಗೊತ್ತಾ?” ಎಂದು ಕೇಳಿದೆ.

“ನಂಜುಂಡಯ್ಯ ನಮ್ಮ ತಂದೆ. ಅವರು ಹೋಗಿ ತುಂಬ ವರ್ಷ ಆಯ್ತು. ಯಾಕೆ?”

“ಕಲ್ಲುಹೂವಿನ ಮೇಲೆ ಅವರ ಲೇಖನ ಅಂತ ಒಂದು ಬಂದಿದೆ.”

ಅವರು ನಕ್ಕರು. “ಅವರು ಪೋಸ್ಟಾಫೀಸಲ್ಲಿದ್ದೋರು. ನೀವು ಒಂದ್ಸಲ ಮನೆಗೇ ಬಂದ್ಬಿಡಿ.”

ಮಾರನೇ ದಿನ ಮೆಟ್ರೊ ಹತ್ತಿ ಮಲ್ಲೇಶ್ವರಕ್ಕೆ ಹೋದೆ. ಸುಲೋಚನ ಅವರದು ಅಡ್ಡರಸ್ತೆಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬರೇ ಇದ್ದರು. ಕುರ್ಚಿಯ ಮೇಲಿದ್ದ ಪೇಪರುಗಳನ್ನು ಎತ್ತಿಟ್ಟು ನನ್ನನ್ನು ಕೂರಿಸಿದರು. ಮನೆಗೆ ಯಾರಾದರೂ ಬಂದು ಬಹಳ ದಿನವಾಗಿತ್ತೆಂದು ಕಾಣುತ್ತದೆ.

“ಹೊರದೇಶದ ಜರ್ನಲ್‌ನೋರು ಲಾಸ್ಟ್ ನೇಮ್ ಏನು ಅಂತ ಕೇಳಿದ್ರು. ನನಗೆಲ್ಲಿ ಲಾಸ್ಟ್ ನೇಮ್? ಒಂದ್ಸಲ ಅಪ್ಪನ ಹೆಸ್ರು ಬರೆದೆ, ಇನ್ನೊಂದ್ಸಲ ಊರ ಹೆಸ್ರು” ಎಂದರು. ಮೂರ್ತಿ ಎಂಬ ಹೆಸರಿನ ಮೇಲೆ ಬೆರಳಿಟ್ಟು, “ಇದು ಸ್ವಲ್ಪ ವರ್ಷ ಇತ್ತು. ಆಮೇಲೆ ಇಲ್ಲ” ಎಂದಷ್ಟೇ ಹೇಳಿದರು.

ಹರೀಶರ ವಾಕ್ಯವನ್ನು ಓದಲು ಕೊಟ್ಟೆ. ಅಚ್ಚಾಗದ ಹಸ್ತಪ್ರತಿಯನ್ನು ಹೊರಗಿನವರಿಗೆ ತೋರಿಸುವ ಪದ್ಧತಿಯಿಲ್ಲ. ಆ ಒಂದು ವಾಕ್ಯಕ್ಕೆ ಸಂಪಾದಕರ ಒಪ್ಪಿಗೆ ಪಡೆದು ಹೋಗಿದ್ದೆ. ಸುಲೋಚನ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

“ಇದು ತಪ್ಪು. ನಾಲ್ಕು ಜನ ಇರ್ಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು” ಎಂದರು. “ಬೆಳಿಗ್ಗೆ ಮರದ ಹತ್ರ ಲೆನ್ಸ್ ಹಿಡ್ಕೊಂಡು ನಿಂತಿದ್ರೆ ಹಾಲು ತರೋಕೆ ಹೋಗೋರು, ವಾಕಿಂಗ್ ಬರೋರು ಎಲ್ಲ ಒಂಥರಾ ನೋಡೋರು. ಜತೆಗೆ ಒಬ್ಬರಾದ್ರೂ ಇದ್ದಿದ್ರೆ ಅಂತ ಎಷ್ಟೋ ಸಲ ಅನ್ಸಿದೆ.”

ಹೆಸರು ತಿದ್ದಿದರೆ ಹರೀಶರ ವಾದ ಸಡಿಲವಾಗುತ್ತದೆ, ಲೇಖನ ಅಚ್ಚಾಗದೆಯೂ ಹೋಗಬಹುದು ಎಂದು ಹೇಳಿದೆ. ಅವರು ತಲೆಯಾಡಿಸಿದರು.

“ನನ್ನ ಹೆಸ್ರು ಬರ್ಲಿ ಅಂತ ಹೇಳ್ತಿಲ್ಲ ಸಾರ್. ಒಬ್ಬಳು ನೋಡಿದ್ದನ್ನ ನಾಲ್ಕು ಜನ ನೋಡಿದ್ರು ಅಂದ್ಬಿಟ್ರೆ ಹೇಗೆ? ನಾನೇ ತಪ್ಪು ನೋಡಿದ್ರೆ? ಇನ್ನೊಬ್ರು ಯಾರಾದ್ರೂ ಬಂದು ನೋಡ್ಲಿ ಅಂತ ನಾನು ಕಾದಿದ್ದೆ. ಯಾರೂ ಬರ್ಲಿಲ್ಲ. ಆಮೇಲೆ ಬರೆಯೋದನ್ನೇ ಬಿಟ್ಟೆ.”

ಕಚೇರಿಗೆ ಹಿಂದಿರುಗಿ ಹರೀಶರಿಗೆ ಫೋನ್ ಮಾಡಿದೆ. ಅವರಿಗೆ ಸಿಟ್ಟು ಬಂತು. “ಸರ್, ಕಾಮಾ ಫುಲ್‌ಸ್ಟಾಪ್ ನೋಡೋದು ನಿಮ್ಮ ಕೆಲ್ಸ. ಕಂಟೆಂಟ್ ಯಾಕೆ ಮುಟ್ತೀರಾ?” ಎಂದರು. ಆಮೇಲೆ, “ಈ ವರ್ಷ ಪೇಪರ್ ಬರ್ದೇ ಇದ್ರೆ ನನ್ನ ಪ್ರೊಬೇಶನ್ ಮುಗಿಯಲ್ಲ. ಅಮ್ಮನಿಗೆ ಆಗ್ಲೇ ಹೇಳ್ಬಿಟ್ಟಿದೀನಿ” ಎಂದರು. ಸಂಜೆಯವರೆಗೂ ಆ ಫೈಲನ್ನು ತೆರೆದಿಟ್ಟುಕೊಂಡು ಕೂತಿದ್ದೆ. ಏನು ಮಾಡಲಿ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದಂತೆ ಸಂಪಾದಕರಿಗೆ ಬರೆದೆ.

ಹಸ್ತಪ್ರತಿ ವಾಪಸ್ ಹೋಯಿತು. ಹಿಂದಿನ ಅಧ್ಯಯನಗಳು ಒಬ್ಬರವೇ ಆದ್ದರಿಂದ ಲೇಖಕರು ಅದೇ ಮರಗಳನ್ನು ಸ್ವತಃ ಪರೀಕ್ಷಿಸಬೇಕೆಂದು ಸಂಪಾದಕರು ಕೇಳಿದ್ದರು. ಹರೀಶರ ಪ್ರೊಬೇಶನ್ ಮುಂದಕ್ಕೆ ಹೋಯಿತು. ಅವರು ನನಗೆ ಮತ್ತೆ ಫೋನ್ ಮಾಡಲಿಲ್ಲ. ನನ್ನ ದಿನಗಳು ಮೊದಲಿನಂತೆಯೇ ನಡೆದವು. ಆ ಹುಡುಗನ ಅಮ್ಮನ ನೆನಪು ಮಾತ್ರ ಆಗಾಗ ಬರುತ್ತಿತ್ತು.

ಮಾರನೇ ವರ್ಷ ತಿದ್ದಿದ ಹಸ್ತಪ್ರತಿ ಬಂತು. ಹರೀಶ್ ಆ ಸಾಲಿನ ಮರಗಳನ್ನು ಹುಡುಕಿಕೊಂಡು ಹೋಗಿದ್ದರು. ಅರ್ಧಕ್ಕರ್ಧ ಉರುಳಿಹೋಗಿದ್ದವು. ಉಳಿದವುಗಳಲ್ಲಿ ಕಂಡದ್ದನ್ನೇ ಬರೆದಿದ್ದರು. ಪಟ್ಟಿಯಲ್ಲಿ ನಾಲ್ಕೂ ಲೇಖನಗಳು ಸುಲೋಚನ ಟಿ. ಎನ್. ಎಂಬ ಒಂದೇ ಹೆಸರಿನ ಕೆಳಗೆ ಒಟ್ಟಿಗಿದ್ದವು. ಪಕ್ಕದಲ್ಲಿ ಮೊದಲು ಅಚ್ಚಾಗಿದ್ದ ಹೆಸರನ್ನು ನಮೂದಿಸಿದ್ದರು. ನಾನು ತಿದ್ದಬೇಕಾದದ್ದು ಏನೂ ಇರಲಿಲ್ಲ.

ಸಂಚಿಕೆ ಬಂದ ದಿನ ಸುಲೋಚನ ಅವರಿಗೆ ಫೋನ್ ಮಾಡಿ ಈ ವಿಷಯ ಹೇಳಿದೆ. ಹೆಸರಿನ ಮಾತನ್ನು ಅವರು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

“ಹರೀಶ್ ಮನೆಗೆ ಬಂದಿದ್ರು. ಇಬ್ಬರೂ ಹೋಗಿ ನೋಡಿದ್ವಿ” ಎಂದರು. “ನನ್ನ ಎರಡನೇ ಪೇಪರಲ್ಲಿ ಒಂದು ಜಾತಿ ಗುರುತಿಸಿದ್ದು ತಪ್ಪಾಗಿತ್ತು ಸಾರ್. ಅವರು ಹಿಡಿದ್ರು. ಇಷ್ಟು ವರ್ಷಕ್ಕೆ ಒಬ್ಬರು ಬಂದು ಸರಿಯಾಗಿ ನೋಡಿದ್ರು.” ತಪ್ಪು ಸಿಕ್ಕಿಬಿದ್ದದ್ದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಉಲ್ಲೇಖವೆಂದರೆ ಹಿಂದಿನವರಿಗೆ ಸಲ್ಲಿಸುವ ಗೌರವ ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಹೀಗೆ ಒಬ್ಬರು ನೋಡಿದ್ದಾರೆ, ನೀವೂ ಹೋಗಿ ನೋಡಿ ಎಂದು ಓದುಗನಿಗೆ ಹೇಳುವುದು ಅದರ ನಿಜವಾದ ಕೆಲಸ ಎಂಬುದನ್ನು ಕಲಿತದ್ದು ಈ ಪ್ರಕರಣದಿಂದ. ಹೋಗಿ ನೋಡುವವರು ಬಹಳ ಕಡಿಮೆ. ಆದರೂ ಹೋಗುವವರಿಗೆ ವಿಳಾಸ ತಪ್ಪಬಾರದು.