ಬರಿ ಒರಳಿನ ಸದ್ದು

ನಮ್ಮ ವಂಶದಲ್ಲಿ ಬಿ.ಎ. ಓದಿದವಳು ನಾನೇ ಮೊದಲು. ತೆಲುಗು, ಉರ್ದು ಮಾತಾಡುವ ಹಿಮಾಯತ್‌ನಗರದ ಮನೆಗಳಲ್ಲಿ ಖಾರ ಕುಟ್ಟಿ ಅವ್ವ ನನ್ನನ್ನು ಓದಿಸಿದಳು. ಅದರಲ್ಲೊಂದು ಮನೆ ನಮ್ಮ ಇಂಗ್ಲಿಷ್ ಅಧ್ಯಾಪಕರದು. ಅವರೂ ನಮ್ಮಂತೆ ರಾಯಚೂರು ಕಡೆಯವರೇ. ಆದರೆ ಮೂರು ತಲೆಮಾರು ಸರ್ಕಾರಿ ನೌಕರಿ ಕಂಡ ಮನೆತನ.

ಎರಡನೇ ವರ್ಷ ಒಂದು ಕಥನಕವನ ಪಠ್ಯವಾಗಿತ್ತು. ಗುಡ್ಡದಲ್ಲಿ ಅಡಗಿದ ದರೋಡೆಗಾರ, ತಪ್ಪಲಿನ ಹಳ್ಳಿಯ ಹುಡುಗಿ. ಅವಳು ಒರಳಿನಲ್ಲಿ ಕಾಳು ಕುಟ್ಟುವ ಸದ್ದು ಕೇಳಿದರೆ ಅವನು ಇಳಿದು ಬರುತ್ತಾನೆ. ಒಂದು ದಿನ ಸಿಪಾಯಿಗಳು ಮನೆಯೊಳಗೆ ಹೊಂಚಿ ಕೂತು, ಎಂದಿನಂತೆ ಕುಟ್ಟು ಎಂದು ಕತ್ತಿ ಹಿಡಿಯುತ್ತಾರೆ. ಕುಟ್ಟುತ್ತಾಳೆ. ಸದ್ದು ಗಂಟೆಯಂತೆ ಗುಡ್ಡಕ್ಕೆ ಮುಟ್ಟಿತು ಎನ್ನುತ್ತದೆ ಕವನ. ಅವನು ಬಂದು ಸಾಯುತ್ತಾನೆ.

ಜೀವಭಯಕ್ಕೆ ಪ್ರೀತಿಯನ್ನು ಮಾರಿಕೊಂಡಳು ಎಂದರು ಅಧ್ಯಾಪಕರು. ಅಲ್ಲ ಎಂದು ಎದ್ದು ನಿಂತೆ. ಯಾಕೆ ಅಲ್ಲ ಎಂದು ಹೇಳಲು ಬರಲಿಲ್ಲ. ಅವರು ಇಂಗ್ಲಿಷ್ ಬಿಟ್ಟು, ಆ ತರಗತಿಯಲ್ಲಿ ನನಗೊಬ್ಬಳಿಗೇ ತಿಳಿಯುವ ಕನ್ನಡದಲ್ಲಿ ಹೇಳಿದರು: "ಕೂಡವಾ. ನಿಮ್ಮವ್ವ ಕುಟ್ಟತಾಳ, ನೀನೂ ಕುಟ್ಟು ಹೋಗು. ಕಾವ್ಯ ನಿಮ್ಮಂಥವರ ತಲಿಗೆ ಹತ್ತೂದಿಲ್ಲ." ನಗುನಗುತ್ತ ಹೇಳಿದ್ದರಿಂದ ಉಳಿದವರು ಅಕ್ಕರೆಯ ಮಾತೆಂದುಕೊಂಡರು. ಇದನ್ನು ಇವರಿಗೆ ತಿರುಗಿಸಿ ಕೊಡದೆ ಬಿಡುವುದಿಲ್ಲ ಎಂದುಕೊಂಡು ಕೂತೆ.

ಸಂಜೆ ಅವ್ವನಿಗೆ ಕವನದ ಕಥೆ ಹೇಳಿದೆ. ಬೈಸಿಕೊಂಡದ್ದು ಹೇಳಲಿಲ್ಲ.

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದವಳು ಕೇಳಿದಳು: "ಗಂಟಿ ಹಂಗ ಸದ್ದು ಬಂತಂತ?"

"ಹೂಂ, ಹಂಗ ಬರದಾರ."

"ಕಾಳಿದ್ರ ಧಪ್ ಅಂತೈತಿ. ಒನಕಿ ತುದಿ ಕಬ್ಬಿಣ ಬರೇ ಕಲ್ಲಿಗೆ ಬಡದ್ರ ಗಂಟಿ ಹಂಗ ಕೇಳತೈತಿ. ಆ ಹುಡುಗಿ ಬರಿ ಒಳ್ಳು ಕುಟ್ಯಾಳ. ಬರಬ್ಯಾಡ ಅಂತ ಹೇಳ್ಯಾಳ."

"ಮತ್ತ ಅಂವ ಯಾಕ ಬಂದ?"

"ಅಕಿ ಆಪತ್ತಿನ್ಯಾಗ ಅದಾಳಂತ ತಿಳದ ಮ್ಯಾಲ ಸುಮ್ಮ ಕುಂಡ್ರತಾನೇನ, ಹುಚ್ಚಿ?"

ಅದನ್ನೇ ಪ್ರಬಂಧವಾಗಿ ಬರೆದು ಕೊಟ್ಟೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಬರೀ ಊಹೆ" ಎಂದು ಬರೆದರು.

ತಿಂಗಳ ನಂತರ ವಿಶ್ವವಿದ್ಯಾಲಯದ ಹಿರಿಯ ಪ್ರೊಫೆಸರ್ ಒಬ್ಬರು ಅವರ ಪಾಠ ನೋಡಲು ಬಂದರು. ಬಡ್ತಿಯ ವಿಷಯ. ಅಧ್ಯಾಪಕರು ಅದೇ ಕವನ ತೆಗೆದು, ನನ್ನ ಕಡೆ ನೋಡದೆ, ಹುಡುಗಿ ಬರಿ ಒರಳನ್ನು ಕುಟ್ಟಿದಳು ಎಂದು ಗಂಭೀರವಾಗಿ ವಿವರಿಸಿದರು. ಪ್ರೊಫೆಸರ್ ಮುಖ ಅರಳಿತು. "ಹೊಸ ಮಾತು. ಆದರೆ ಒರಳು ಬರಿದು ಅಂತ ಕವನದಲ್ಲಿ ಎಲ್ಲಿದೆ?"

ಅಧ್ಯಾಪಕರು ಪುಟ ತಿರುವಿದರು. ಮತ್ತೆ ತಿರುವಿದರು. ನನ್ನ ಪ್ರಬಂಧವನ್ನು ಪೂರ್ತಿ ಓದಿಯೂ ಇರಲಿಲ್ಲ. ಕೊನೆಗೆ ಮೆಲ್ಲಗೆ ಕನ್ನಡದಲ್ಲಿ, "ಹೇಳವಾ ತಂಗಿ," ಎಂದರು. ನಾನು ತಲೆ ಎತ್ತಲಿಲ್ಲ. ಅವರ ಹಣೆ ಬೆವರಲಿ ಎಂದು ಕಾದೆ. "ನಿನಗ ಗೊತ್ತೈತಲ್ಲ, ಹೇಳವಾ."

ಎದ್ದೆ. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದೆ. ಮೊದಲು ಕವನದ 'ಗಂಟೆಯಂತೆ' ಎಂಬ ಮಾತು, ಕಾಳಿನ ಸದ್ದು, ಕಲ್ಲಿನ ಸದ್ದು. ಆಮೇಲೆ, ಇದು ಅಧ್ಯಾಪಕರ ಮನೆಯಲ್ಲಿ ಖಾರ ಕುಟ್ಟುವ ನನ್ನ ಅವ್ವ ಹೇಳಿದ ಅರ್ಥವೆಂದು. ಕಡೆಗೆ, ಅವರು ನಗುತ್ತ ಆಡಿದ ಆ ಮಾತು, ಒಂದಕ್ಷರ ಬಿಡದೆ. ಕೆಂಪು ಗೆರೆಯ ಪ್ರಬಂಧವನ್ನು ಪ್ರೊಫೆಸರ್ ಕೈಗೆ ಕೊಟ್ಟು ಕೂತೆ. ಬಡ್ತಿ ಆ ವರ್ಷ ಬರಲಿಲ್ಲ. ನನಗೆ ಇವತ್ತಿಗೂ ಅಯ್ಯೋ ಅನಿಸಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿ, ಇನ್ನು ಆ ಮನೆಗೆ ಹೋಗಬೇಡ ಎಂದೆ. ಅವ್ವ ಒನಕೆಯನ್ನು ಗೋಡೆಗೆ ಆನಿಸಿ ಇಟ್ಟಳು.

"ಹಂಗಾರ ಈ ವರ್ಷದ ಖಾರ ಸಾಹೇಬ್ರು ತಾವ ಕುಟ್ಕೊಳ್ಳಲಿ. ಆಗ ಕಾವ್ಯ ಅವರ ತಲಿಗೂ ಹತ್ತತೈತಿ."