ಅಟ್ಟದ ಮೇಲಿನ ಕಾಯಿ

ನಾನು ಮೇಷ್ಟ್ರಾಗಿ ಮೊದಲು ಹೋದದ್ದು ಗಂಡಸಿ ಕಡೆಯ ಒಂದು ಹಳ್ಳಿಗೆ, ಐವತ್ತರ ದಶಕದ ಕೊನೆಯಲ್ಲಿ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬನೇ ಮೇಷ್ಟ್ರು. ತರಬೇತಿ ಮುಗಿಸಿ ಬಂದ ಬಿಸಿ ಇನ್ನೂ ಆರಿರಲಿಲ್ಲ. ಬಾಯಿಪಾಠ ಮಾಡಿಸುವುದು ದಂಡ, ಮಕ್ಕಳನ್ನು ಊರೊಳಗೆ ಸುತ್ತಿಸಬೇಕು, ಕಂಡದ್ದನ್ನು ಅವರಿಂದಲೇ ಬರೆಸಬೇಕು ಎಂಬ ಹಟ ನನಗೆ. ಕೆರೆ ಏರಿ, ಕುಲುಮೆ, ಗಾಣ ಎಲ್ಲ ಆಯಿತು. ಒಮ್ಮೆ ಅರಸೀಕೆರೆಗೆ ಕರೆದೊಯ್ದು ರೈಲು ತೋರಿಸಿದೆ. ಊರಿನವರು ‘ಅಲೆಮಾರಿ ಮೇಷ್ಟ್ರು’ ಎಂದು ಹೆಸರಿಟ್ಟರು. ನಾನು ಅದನ್ನೇ ಬಿರುದೆಂದುಕೊಂಡು ಮೆರೆದೆ.

ಕಾಗದ ಯಾರ ಹತ್ತಿರ ಇತ್ತು? ಬರೆಯುವುದೆಲ್ಲ ಸ್ಲೇಟಿನ ಮೇಲೆ. ಸಂಜೆಯೊಳಗೆ ಎಂಜಲು ಹಚ್ಚಿ ಒರೆಸಿಬಿಡುತ್ತಿದ್ದರು. ಅದಕ್ಕೇ ಚೆನ್ನಾಗಿ ಬರೆದದ್ದನ್ನು ನಾನು ಮೊದಲು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದೆ. ಹೆಚ್ಚಾಗಿ ಓದುತ್ತಿದ್ದದ್ದು ಒಬ್ಬಳೇ ಹುಡುಗಿಯದು. ಆ ಊರಿನಲ್ಲಿ ನಾಲ್ಕನೇ ತರಗತಿವರೆಗೆ ಬಂದ ಮೊದಲ ಹೆಣ್ಣುಮಗು ಅವಳು. ರೈತನ ಮಗಳು, ಮಾತು ಕಡಿಮೆ, ಕೆಮ್ಮು ಹೆಚ್ಚು. ಗಂಡಸಿಯ ಮಿಡ್ಲ್ ಸ್ಕೂಲಿಗೆ ಕಳಿಸಿ ಎಂದು ಅವಳಪ್ಪನ ಬೆನ್ನುಬಿದ್ದಿದ್ದೆ. “ನೋಡಾನ ತಗಳಿ ಮೇಷ್ಟ್ರೇ” ಎನ್ನುವಷ್ಟಕ್ಕೆ ಆತ ಬಂದಿದ್ದ. ಅಷ್ಟೂ ದೊಡ್ಡದೇ.

ಒಂದು ಶನಿವಾರ ಮಕ್ಕಳನ್ನು ಕೊಬ್ಬರಿ ಅಟ್ಟ ತೋರಿಸಲು ಒಬ್ಬರ ಮನೆಗೆ ಕರೆದೊಯ್ದೆ. ನಿಜ ಹೇಳಬೇಕೆಂದರೆ ಅದು ನಾನು ನೋಡಬೇಕಾಗಿದ್ದ ವಸ್ತು. ನನ್ನದು ಬೇಲೂರಿನಲ್ಲಿ ದೇವಸ್ಥಾನದ ಚಾಕರಿಯ ಮನೆ. ನಮ್ಮ ಅಟ್ಟದಲ್ಲಿ ಹಳೇ ಪಾತ್ರೆ ಬಿಟ್ಟರೆ ಇಲಿ. ಇಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗೆ ನೀರಾರಿ ಕೊಬ್ಬರಿ ಕಳಚಿಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಮಕ್ಕಳು ಒಂದೊಂದೇ ಕಾಯಿ ಕಿವಿಗೆ ಹಿಡಿದು ನಕ್ಕವು. ಶಾಲೆಗೆ ಮರಳಿ, ‘ನಮ್ಮ ಮನೆಯ ಅಟ್ಟ’ ಬರೆಯಿರಿ ಎಂದೆ.

ಅವಳ ಸ್ಲೇಟು ನೋಡಿದೆ. ಪೂರ್ತಿ ಓದಲೂ ಇಲ್ಲ, ಮೊದಲ ಸಾಲಿಗೇ ಖುಷಿಯಾಗಿ ಗಟ್ಟಿಯಾಗಿ ಶುರುಮಾಡಿದೆ.

‘ನಮ್ಮ ಅಟ್ಟದಲ್ಲೂ ಕಾಯಿ ಇವೆ. ನಮ್ಮ ಅಕ್ಕನೂ ಇದ್ದಾಳೆ. ಯಾರಾದರೂ ಬಂದರೆ ಅಕ್ಕ ಏಣಿ ಹತ್ತುತ್ತಾಳೆ. ಅವ್ವ ಏಣಿ ತೆಗೆಯುತ್ತಾಳೆ.’

ಹುಡುಗಿ ಎದ್ದು ಬಂದು ಸ್ಲೇಟಿಗೆ ಕೈ ಚಾಚಿದಳು. ನಾಚಿಕೆ ಎಂದುಕೊಂಡ ನಾನು ಸ್ಲೇಟನ್ನು ಮೇಲೆತ್ತಿ, ದನಿಯನ್ನೂ ಏರಿಸಿದೆ.

‘ಕಾಯಿ ಒಣಗಿದರೆ ಸದ್ದು ಮಾಡುತ್ತದೆ. ಅಕ್ಕ ಸದ್ದು ಮಾಡುವುದಿಲ್ಲ.’

ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಅವಳಕ್ಕ ಹಳೇಬೀಡ್ ತಾವ ಗಂಡನ ಮನೇಲವ್ಳೆ ಅಲ್ವಾ ಮೇಷ್ಟ್ರೇ?”

ನನ್ನ ಮರ್ಯಾದೆಗೆ ಬೆಂಕಿ ಬೀಳಲಿ. ಆಗ ಅರ್ಥವಾಯಿತು. ಹುಡುಗಿ ಅಳಲಿಲ್ಲ. ಸ್ಲೇಟನ್ನು ನನ್ನ ಕೈಯಲ್ಲೇ ಬಿಟ್ಟು ಮನೆಗೆ ಹೋದಳು. ಸಂಜೆಗೆ ಊರಿನ ಜಗಲಿಗಳಲ್ಲೆಲ್ಲ ಅದೇ ಮಾತು: ದೊಡ್ಡ ಮಗಳು ಗಂಡನನ್ನು ಬಿಟ್ಟು ಬಂದು ಅಟ್ಟ ಸೇರಿದ್ದಾಳೆ.

ಸೋಮವಾರ ಹುಡುಗಿ ಬರಲಿಲ್ಲ. ಬುಧವಾರ ಸ್ಲೇಟು ಹಿಡಿದು ಅವರ ಮನೆಗೆ ಹೋದೆ. ತಪ್ಪಾಯಿತೆಂದು ಹೇಳಬೇಕು, ಹೇಗಾದರೂ ಅವಳನ್ನು ಮತ್ತೆ ಕರೆತರಬೇಕು ಎಂದಷ್ಟೇ ತಲೆಯಲ್ಲಿತ್ತು. ಅವಳಪ್ಪ ಚಾಪೆ ಹಾಸಿ ಕೂರಿಸಿದ. ಬೈದಿದ್ದರೆ ಚೆನ್ನಾಗಿತ್ತು.

“ಯಾರ ತಾವೂ ಮಾತಾಡಬ್ಯಾಡ ಅಂದಿದ್ದೆ. ಮಗು ಮಾತಾಡ್ನಿಲ್ಲ. ಬರೆಯೋದೂ ಹೇಳ್ದಂಗೇ ಅಂತ ನಮಗೆಲ್ಲಿ ಗೊತ್ತಿತ್ತು ಮೇಷ್ಟ್ರೇ? ಮನೇಲಿ ಓದೋರು ಯಾರವ್ರೆ?”

ಅವಳು ಹೇಳಿರಲೇ ಇಲ್ಲ. ಹೇಳಿದವನು ನಾನು. ಇದನ್ನು ಆತನಿಗೆ ಅಂದೆ. ಮಗುವನ್ನು ಕಳಿಸಿ ಎಂದು ಕೈಮುಗಿದೆ.

“ಅವಳು ಸೋದರಮಾವನ ಮನೆಗೆ ಹೋಗವ್ಳೆ. ಇನ್ನು ಬರಾಕಿಲ್ಲ.”

ತಾಯಿ ಮಜ್ಜಿಗೆ ತಂದಿಟ್ಟಳು. ನನ್ನ ಪಕ್ಕದಲ್ಲಿದ್ದ ಸ್ಲೇಟನ್ನು ಎತ್ತಿಕೊಂಡು, ಅದರ ಮೇಲಿದ್ದುದನ್ನು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿ ನನಗೇ ಹಿಂದಿರುಗಿಸಿದಳು. “ಬೇರೆ ಮಕ್ಳಿಗೆ ಕೊಡಿ ಸ್ವಾಮಿ” ಎಂದಳು.

ಏಣಿಯನ್ನು ತೆಗೆದು ಗೋಡೆಯ ಬುಡದಲ್ಲಿ ಮಲಗಿಸಿದ್ದರು. ಮಜ್ಜಿಗೆಯ ಲೋಟ ಎತ್ತಿಕೊಳ್ಳುವಾಗ ಮೇಲೆ ಒಂದು ಕಾಯಿ ಉರುಳಿತು. ಲೊಟಲೊಟ ಎಂದು ಎರಡು ಸುತ್ತು ಉರುಳಿದ್ದನ್ನು ಯಾರೋ ಥಟ್ಟನೆ ಹಿಡಿದು ನಿಲ್ಲಿಸಿದರು. ಒಂದು ಪುಟ್ಟ ಕೆಮ್ಮು ಕೇಳಿಸಿತು, ತರಗತಿಯಲ್ಲಿ ನಾನು ದಿನವೂ ಕೇಳುತ್ತಿದ್ದ ಕೆಮ್ಮು.

ಅಪ್ಪ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಜ್ಜಿಗೆ ಕುಡಿದು, ಖಾಲಿ ಸ್ಲೇಟು ಹಿಡಿದು ಬಂದುಬಿಟ್ಟೆ.