ಸತ್ತವನ ಮೇಲೆ ಹೊರಿಸಿದ ಪಾಪ

ಇದನ್ನು ಬರೆಯಲು ಕುಳಿತು ಎಷ್ಟೋ ಸಲ ಕಾಗದ ಮಡಿಸಿಟ್ಟಿದ್ದೇನೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ನಮ್ಮ ಹಟ್ಟಿಯಲ್ಲಿ ನನ್ನ ಸಹಪಾಠಿಯ ಹೆಣದ ಸುತ್ತ ನಿಂತಿದ್ದೆವು. ಸತ್ತವರು ಯಾರೇ ಆಗಲಿ, ಹಿರಿಯರೊಬ್ಬರು ವಾಡಿಕೆಯ ಅವೇ ಪಾಪಗಳನ್ನು ಒಂದೊಂದಾಗಿ ಹೇಳುವುದು, ನೆರೆದವರು 'ಅದು ಪಾಪ' ಎಂದು ದನಿಗೂಡಿಸುವುದು ನೀಲಗಿರಿಯ ಬಡಗರಾದ ನಮ್ಮ ಪದ್ಧತಿ. ಹಾಗೆ ಹೇಳಿದರೆ ಸತ್ತವರ ಪಾಪ ಕಳೆಯುತ್ತದೆ.

ಗಡಿಕಲ್ಲು ಸರಿಸಿದ್ದು, ಹಸುವಿಗೆ ಹೊಡೆದದ್ದು ಎಂದು ಸಾಗುತ್ತಿದ್ದ ಹಿರಿಯರ ದನಿಯಲ್ಲೇ ನನಗೆ ಕೇಳಿಸಿತು: "ಪರೀಕ್ಷೇಲಿ ಪಕ್ಕದವನ ಲೆಕ್ಕ ಕದ್ದು ಬರೆದ."

ಎಲ್ಲರೂ "ಅದು ಪಾಪ" ಎಂದರು. ನಾನೂ ಎಂದುಬಿಟ್ಟೆ.

ಕದ್ದು ಬರೆದವನು ನಾನು. ಇಬ್ಬರ ಉತ್ತರದಲ್ಲೂ ಒಂದೇ ತಪ್ಪು ಕಂಡು ಮೇಷ್ಟ್ರು ಕೇಳಿದಾಗ, ಅವನೇ ಕದ್ದನೆಂದು ಹೇಳಿದ್ದೆ. ವಿದ್ಯಾರ್ಥಿವೇತನ ನನಗೆ ಸಿಕ್ಕಿತು, ಹೈಸ್ಕೂಲು ಮುಗಿಸಿದೆ. ತರಗತಿಗೇ ಮೊದಲಿಗನಾಗಿದ್ದ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ದೇವಾಲ ಎಂಬ ಊರಿನ ಚಹಾ ಎಸ್ಟೇಟಿಗೆ ಕೂಲಿಗೆ ಹೋದ. ಆ ಪರೀಕ್ಷೆಯ ಸುದ್ದಿಯನ್ನು ಹಟ್ಟಿಯಲ್ಲಿ ನಾವಿಬ್ಬರೂ ಎಂದೂ ಎತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ, ಆ ಮಾತು ನಿಮಗೆ ಯಾರು ಹೇಳಿಕೊಟ್ಟರೆಂದು ಹಿರಿಯರನ್ನು ಕೇಳಿದೆ.

"ಯಾವ ಮಾತು, ತಮ್ಮಾ? ನಾ ಹಂಗೆ ಹೇಳಲೇ ಇಲ್ಲೆ. ಶಾಲೆ ಬಾಗಿಲು ಕಾಣದ ನನಗೆ ಪರೀಕ್ಷೆ ಏನು ಗೊತ್ತು?"

ಪಕ್ಕದಲ್ಲಿದ್ದವರೂ ಅಂಥದ್ದೇನೂ ಕೇಳಿಸಲಿಲ್ಲವೆಂದರು.

ಅವನ ಪಾಪ ಕಳೆಯುವ ಹೊತ್ತಿನಲ್ಲೂ ನನ್ನದನ್ನು ಅವನ ಮೇಲೆಯೇ ಹೊರಿಸಿ ಬಂದೆ. ಈಗಲಾದರೂ ಹಟ್ಟಿಯವರು ಇದನ್ನು ಓದಿಕೊಳ್ಳಲಿ. ಅವನು ಬದುಕಿದ್ದಾಗ ನಾನು ಒಮ್ಮೆಯೂ ಕ್ಷಮೆ ಕೇಳದ ಆ ಸಹಪಾಠಿಯ ಹೆಸರು ಜೋಗಿ.